ಪುಡಿ ಗಾಳಿಗೆ ಬೀಳಬಾರದು

ರಾಯಚೂರಿನ ಫಾರ್ಮಸಿ ಕಾಲೇಜೊಂದರಲ್ಲಿ ಎಂ.ಫಾರ್ಮ್ ವಿದ್ಯಾರ್ಥಿಗಳ ಸಂಶೋಧನೆಗೆ ಮಾರ್ಗದರ್ಶನ ಮಾಡುವವಳು ನಾನು. ಕಳೆದ ಬೇಸಿಗೆಯಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ಕೆಲಸಕ್ಕಾಗಿ ಪ್ಯಾಂಕ್ಯುರೋನಿಯಂ ಬ್ರೋಮೈಡ್ ಎಂಬ ಔಷಧದ ಶುದ್ಧ ಮಾದರಿಯನ್ನು ತರಿಸಬೇಕಾಯಿತು. ಶಸ್ತ್ರಚಿಕಿತ್ಸೆಯ ವೇಳೆ ರೋಗಿಯ ಸ್ನಾಯುಗಳನ್ನು ಪೂರ್ತಿ ಸಡಿಲಗೊಳಿಸಲು ಅರಿವಳಿಕೆ ತಜ್ಞರು ಬಳಸುವ ಔಷಧ ಅದು. ಶ್ವಾಸನಾಳಕ್ಕೆ ಕೊಳವೆ ಹಾಕುವ ಮುನ್ನ ವಯಸ್ಕರ ರಕ್ತನಾಳಕ್ಕೆ ಕೊಡುವ ಪ್ರಮಾಣ, ದೇಹತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 0.1 ಮಿಲಿಗ್ರಾಂ, ಎಂದರೆ 60 ಕಿಲೋ ತೂಕದವರಿಗೆ 6 ಮಿಲಿಗ್ರಾಂ. ನಮಗೆ ಬಂದ ಸೀಸೆಯಲ್ಲಿ 10 ಮಿಲಿಗ್ರಾಂ ಇತ್ತು. ತಳದಲ್ಲಿ ಅಂಟಿಕೊಂಡಿದ್ದ ಆ ಬಿಳಿ ಪುಡಿಯನ್ನು ಬೆಳಕಿಗೆ ಹಿಡಿದು ಹುಡುಕಬೇಕಿತ್ತು. ಅಷ್ಟರಲ್ಲೇ ಒಬ್ಬ ಮನುಷ್ಯನ ಉಸಿರು ನಿಲ್ಲಿಸುವ ಶಕ್ತಿ ಅಡಗಿತ್ತು.

ಸೀಸೆಯನ್ನು ಬಳಸುವ ಮೊದಲು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಆ ಔಷಧ ಏನು ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳಿದೆ. ನರದ ತುದಿಯಿಂದ ಬಿಡುಗಡೆಯಾಗುವ ಅಸಿಟೈಲ್‌ಕೋಲಿನ್ ಸ್ನಾಯುವಿನ ಮೇಲಿನ ಗ್ರಾಹಕಗಳಿಗೆ ಹೋಗಿ ಕೂತರೆ ಸ್ನಾಯು ಸಂಕುಚಿಸುತ್ತದೆ. ಪ್ಯಾಂಕ್ಯುರೋನಿಯಂ ಆ ಗ್ರಾಹಕಗಳನ್ನು ತಾನೇ ಆಕ್ರಮಿಸಿಕೊಳ್ಳುವುದರಿಂದ ನರದ ಆಜ್ಞೆ ಬಂದರೂ ಸ್ನಾಯುವಿಗೆ ತಲುಪುವುದಿಲ್ಲ. ಈ ಸಂಶೋಧನೆ ಮಾಡುತ್ತಿದ್ದ, ಸಿಂಧನೂರು ಕಡೆಯ ರೈತ ಮನೆತನದಿಂದ ಬಂದ ಹುಡುಗನಿಗೆ ಇದು ಬಹಳ ಬೇಗ ಅರ್ಥವಾಯಿತು, ಏಕೆಂದರೆ ಭತ್ತಕ್ಕೂ ಹತ್ತಿಗೂ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಕೆಲಸ ಮಾಡುವುದೂ ಇದೇ ಜಾಗದಲ್ಲಿ. ಅವು ಅಸಿಟೈಲ್‌ಕೋಲಿನ್ನನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಅಸಿಟೈಲ್‌ಕೋಲಿನ್ ಮಿತಿಮೀರಿ ಸೇರಿ, ಸ್ನಾಯುಗಳು ಅದುರಿ ಅದುರಿ ಸೋತು, ಕೊನೆಗೆ ಉಸಿರಾಟ ಕುಸಿಯುತ್ತದೆ. ಪ್ಯಾಂಕ್ಯುರೋನಿಯಂನ ಪರಿಣಾಮವನ್ನು ಇಳಿಸಲು ಆಸ್ಪತ್ರೆಯಲ್ಲಿ ಕೊಡುವ ನಿಯೋಸ್ಟಿಗ್ಮಿನ್ ಕೂಡ ಅದೇ ಕಿಣ್ವವನ್ನು ಅಳತೆಯಿಟ್ಟು ತಡೆಯುವ ಔಷಧವೆಂದು ಹೇಳಿದಾಗ ಅವನು ಬಹಳ ಹೊತ್ತು ಯೋಚಿಸುತ್ತಾ ಕುಳಿತಿದ್ದ. ಅವನ ಊರಿನಲ್ಲಿ ಕೀಟನಾಶಕದಿಂದ ಉಸಿರು ಕಟ್ಟಿದವರನ್ನು ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಸಾಗಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಆದರೆ ಒಂದು ಸಂಗತಿ ಅವನಿಗೂ ಹೊಸದು. ಈ ಔಷಧ ಮಿದುಳನ್ನು ಮುಟ್ಟುವುದಿಲ್ಲ. ಎಚ್ಚರವನ್ನೂ ನೋವನ್ನೂ ಕಡಿಮೆ ಮಾಡುವುದಿಲ್ಲ. 1947ರಲ್ಲಿ ಅಮೆರಿಕದ ಯೂಟಾದಲ್ಲಿ ಸ್ಕಾಟ್ ಸ್ಮಿತ್ ಎಂಬ ಅರಿವಳಿಕೆ ವೈದ್ಯರು ಇದೇ ಬಗೆಯಲ್ಲಿ ಕೆಲಸ ಮಾಡುವ ಟ್ಯುಬೊಕುರಾರಿನನ್ನು ಉಸಿರು ಪೂರ್ತಿ ನಿಲ್ಲುವಷ್ಟು ಪ್ರಮಾಣದಲ್ಲಿ ತಮ್ಮ ಮೇಲೆಯೇ ಪ್ರಯೋಗ ಮಾಡಿಸಿಕೊಂಡರು. ಸಹೋದ್ಯೋಗಿಗಳು ಕೃತಕವಾಗಿ ಉಸಿರು ಕೊಡುತ್ತಿದ್ದಷ್ಟು ಹೊತ್ತೂ ಅವರು ಪೂರ್ಣ ಎಚ್ಚರದಲ್ಲಿದ್ದು, ಸುತ್ತ ನಡೆದದ್ದನ್ನೆಲ್ಲ ನಂತರ ವಿವರಿಸಿದರು. ಪ್ರಯೋಗಾಲಯದಲ್ಲಿ ಒಬ್ಬರೇ ಕೆಲಸ ಮಾಡುವಾಗ ಇಂಥ ಔಷಧ ದೇಹ ಸೇರಿದರೆ ಏನಾಗಬಹುದೆಂದು ಊಹಿಸಿ: ಬಿದ್ದವರಿಗೆ ಎಲ್ಲವೂ ಕೇಳಿಸುತ್ತದೆ, ಎಲ್ಲವೂ ತಿಳಿಯುತ್ತದೆ, ಆದರೆ ಕೂಗಲು ಆಗುವುದಿಲ್ಲ. ಒಂಟಿಯಾಗಿ ಈ ಸೀಸೆಯನ್ನು ಯಾರೂ ಮುಟ್ಟಬಾರದು ಎಂಬ ನಿಯಮವನ್ನು ನಾನು ಎಲ್ಲಕ್ಕಿಂತ ಮೇಲಿಟ್ಟದ್ದು ಇದೇ ಕಾರಣಕ್ಕೆ.

ವಿಭಾಗದ ಸಹೋದ್ಯೋಗಿಯೊಬ್ಬರು ಇದನ್ನೆಲ್ಲ ಅತಿಯೆಂದು ಬಗೆದರು. ಅವರ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಈ ಅಣುವಿನಲ್ಲಿ ಧನ ವಿದ್ಯುದಂಶವುಳ್ಳ ಎರಡು ಸಾರಜನಕಗಳಿರುವುದರಿಂದ ಅದು ಕರುಳಿನ ಗೋಡೆಯನ್ನಾಗಲಿ ಗಾಯವಿಲ್ಲದ ಚರ್ಮವನ್ನಾಗಲಿ ಸುಲಭವಾಗಿ ದಾಟುವುದಿಲ್ಲ. ದಕ್ಷಿಣ ಅಮೆರಿಕದ ಬುಡಕಟ್ಟಿನವರು ಇದೇ ಬಗೆಯಲ್ಲಿ ಕೆಲಸ ಮಾಡುವ ಕುರಾರೆ ಎಂಬ ಸಸ್ಯವಿಷ ಸವರಿದ ಬಾಣದಿಂದ ಕೊಂದ ಪ್ರಾಣಿಯ ಮಾಂಸವನ್ನು ತಿಂದು ಆರೋಗ್ಯವಾಗಿಯೇ ಇರುತ್ತಿದ್ದರು. ಇದು ನಿಜ. ಆದರೂ ಸೀಸೆಯ ಲೇಬಲ್ಲಿನ ಮೇಲೆ ತಲೆಬುರುಡೆಯ ಗುರುತಿದೆ, ಮತ್ತು ನಮ್ಮ ಕೈಗಳು ಗಾಯವಿಲ್ಲದ ಕೈಗಳೆಂದು ಯಾರು ಹೇಳಬಲ್ಲರು? ಗಾಜಿನಿಂದಾದ ಸಣ್ಣ ಗೀರು, ಒಣಹವೆಗೆ ಒಡೆದ ಬೆರಳು, ಕಣ್ಣಿನ ಅಂಚು, ಶ್ವಾಸಕೋಶ, ಎಲ್ಲಕ್ಕಿಂತ ಮಿಗಿಲಾಗಿ ಸೂಜಿಮೊನೆ, ಇವು ಯಾವುವೂ ಕರುಳಿನ ಹಾಗೆ ತಡೆಯೊಡ್ಡುವುದಿಲ್ಲ. ಕಡಿಮೆ ಹೀರಿಕೆಯಾಗುತ್ತದೆ ಎಂಬ ಸಮಾಧಾನದ ಮೇಲೆ ವಿದ್ಯಾರ್ಥಿಯ ಜೀವವನ್ನು ಇಡಲು ನಾನು ಸಿದ್ಧಳಿರಲಿಲ್ಲ.

ಗ್ಲೌಸ್ ಮತ್ತು ಮಾಸ್ಕ್ ಹಾಕಿಕೊಂಡರೆ ಸುರಕ್ಷತೆಯ ಕೆಲಸ ಮುಗಿಯಿತು ಎಂಬ ತಿಳಿವಳಿಕೆ ನಮ್ಮ ಕಾಲೇಜುಗಳಲ್ಲಿ ಗಟ್ಟಿಯಾಗಿ ಕೂತಿದೆ. ನನ್ನ ಮಟ್ಟಿಗೆ ಅವು ಉಳಿದೆಲ್ಲವೂ ಸೋತ ಮೇಲೆ ಕಾಯುವ ವಸ್ತುಗಳು. ಅದಕ್ಕೂ ಮೊದಲು ಕೇಳಬೇಕಾದದ್ದು, ಪುಡಿ ಗಾಳಿಗೆ ಬೀಳದ ಹಾಗೆ ಕೆಲಸವನ್ನೇ ಬದಲಿಸಲು ಸಾಧ್ಯವೇ ಎಂಬುದು. ವಾಡಿಕೆಯಂತೆ ಸೀಸೆ ತೆರೆದು, ಪುಡಿಯನ್ನು ಸ್ಪ್ಯಾಚುಲಾ ಎಂಬ ಚಪ್ಪಟೆ ಚಮಚದಲ್ಲಿ ತೆಗೆದು ಬ್ಯಾಲೆನ್ಸಿನಲ್ಲಿ ತೂಗಬೇಕು. ಗಾಳಿಯನ್ನು ಒಳಗೆಳೆದು ಹೊರಹಾಕುವ, ಗಾಜಿನ ಬಾಗಿಲಿನ ಪೆಟ್ಟಿಗೆಯಾದ ಫ್ಯೂಮ್ ಹುಡ್ಡಿನೊಳಗೆ ಬ್ಯಾಲೆನ್ಸ್ ಇಟ್ಟರೆ ಗಾಳಿಯ ಸೆಳೆತಕ್ಕೆ ಅಂಕಿ ನಿಲ್ಲುವುದಿಲ್ಲ. ಹೊರಗಿಟ್ಟರೆ ಪುಡಿ ಹಾರುತ್ತದೆ. ಪ್ಯಾಂಕ್ಯುರೋನಿಯಂ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ, ತೂಕ ಮೊದಲೇ ನಮೂದಾಗಿರುವ, ರಬ್ಬರ್ ಮುಚ್ಚಳದ ಸೀಸೆಯನ್ನು ತರಿಸಿ, ಮುಚ್ಚಳ ತೆರೆಯದೆಯೇ ಸಿರಿಂಜಿನಿಂದ ನೀರನ್ನು ಒಳಗೆ ಬಿಟ್ಟು ಪೂರ್ತಿ ಪುಡಿಯನ್ನು ಅಲ್ಲೇ ಕರಗಿಸುವುದೆಂದು ನಿರ್ಧರಿಸಿದೆವು. ದ್ರಾವಣವೂ ವಿಷವೇ, ಆದರೆ ಅದು ಧೂಳಾಗಿ ಹಾರುವುದಿಲ್ಲ.

ಇದರಿಂದ ಒಂದು ಅಪಾಯ ಕಡಿಮೆಯಾಗಿ ಇನ್ನೊಂದು ಹೆಚ್ಚಿತು. ಸೂಜಿ ಚುಚ್ಚಿಕೊಳ್ಳುವುದೇ ಈ ಔಷಧಕ್ಕೆ ದೇಹದೊಳಗೆ ಹೋಗಲು ಅತ್ಯಂತ ನೇರವಾದ ದಾರಿ. ಆದ್ದರಿಂದ ಸೀಸೆಯನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿನ ಕ್ಲ್ಯಾಂಪಿಗೆ ಬಿಗಿದೆವು. ಸೂಜಿಯ ಮುಂದೆ ಯಾವ ಕೈಯೂ ಇರಬಾರದು. ಮುಚ್ಚಿದ ಸೀಸೆಗೆ ನೀರು ಬಿಟ್ಟರೆ ಒಳಗಿನ ಒತ್ತಡ ಏರಿ, ಸೂಜಿ ತೆಗೆಯುವಾಗ ಹನಿ ಚಿಮ್ಮುತ್ತದೆ. ಅದಕ್ಕೆ ಮೊದಲು ಸ್ವಲ್ಪ ಗಾಳಿಯನ್ನು ಹೊರಗೆಳೆದುಕೊಂಡು ಆಮೇಲೆ ನೀರು ಬಿಡಬೇಕು. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕದೆ ನೇರವಾಗಿ ಸೂಜಿ ತೂರದ ಗಟ್ಟಿ ಡಬ್ಬಿಗೆ ಹಾಕಬೇಕು. ಔಷಧವಿಲ್ಲದ ಖಾಲಿ ಸೀಸೆಗಳ ಮೇಲೆ ಬರಿಯ ನೀರಿನಿಂದ ಇದನ್ನು ಕೈಗೆ ರೂಢಿಯಾಗುವವರೆಗೆ ಮಾಡಿಸಿದೆ.

ಫ್ಯೂಮ್ ಹುಡ್ಡಿನ ಗಾಳಿ ಸೆಕೆಂಡಿಗೆ ಅರ್ಧ ಮೀಟರಿನಷ್ಟು ವೇಗದಲ್ಲಿ ಒಳಗೆ ಹೋಗುತ್ತಿರಬೇಕು ಮತ್ತು ಕೆಲಸವನ್ನು ಗಾಜಿನ ಬಾಗಿಲಿನಿಂದ ಕನಿಷ್ಠ 15 ಸೆಂಟಿಮೀಟರ್ ಒಳಗೆ ಮಾಡಬೇಕು ಎಂದಾಗ ಆ ಹುಡುಗ, “ಹೊಲದಾಗ ಎಣ್ಣಿ ಹೊಡಿಯೋ ಮುಂದ ಗಾಳಿ ಯಾವ ಕಡಿ ಬೀಸಾಕತ್ತೈತಿ ಅಂತ ನೋಡಿ, ಅದಕ್ಕ ಬೆನ್ನು ಮಾಡಿ ನಿಂದರ್ತೀವ್ರಿ ಮೇಡಂ. ಇಲ್ಲೂ ಗಾಳಿ ನಮ್ಮ ಬೆನ್ನಿಂದ ಒಳಗ ಹೋಗಬೇಕು, ಅಷ್ಟ ಅಲ್ಲೇನ್ರಿ?” ಎಂದ. ಅಷ್ಟೇ. ಪಠ್ಯಪುಸ್ತಕದ ಎಷ್ಟೋ ವಿವರಣೆಗಳಿಗಿಂತ ಅವನ ಮಾತು ಉಳಿದ ವಿದ್ಯಾರ್ಥಿಗಳಿಗೆ ಚೆನ್ನಾಗಿ ಮುಟ್ಟಿತು.

ಊರಿನ ಅರಿವಳಿಕೆ ತಜ್ಞರೊಬ್ಬರು ಒಂದು ಸಂಜೆ ಬಂದು ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಬಳಸುವುದನ್ನು ಕಲಿಸಿದರು. ಔಷಧ ದೇಹ ಸೇರಿದರೆ ಮೊದಲ ಲಕ್ಷಣಗಳು ಕಣ್ಣುರೆಪ್ಪೆ ಇಳಿಬೀಳುವುದು, ಎರಡೆರಡಾಗಿ ಕಾಣುವುದು, ನುಂಗಲು ಕಷ್ಟವಾಗುವುದು. ಉಸಿರಾಟದ ಮುಖ್ಯ ಸ್ನಾಯುವಾದ ವಪೆ ಸೋಲುವುದು ಕೊನೆಯಲ್ಲಿ. ಆ ನಡುವಿನ ಸಮಯವೇ ಜೀವ. 108ಕ್ಕೆ ಕರೆ ಮಾಡಿ, ಆರು ಸೆಕೆಂಡಿಗೊಮ್ಮೆ ಒಂದು ಉಸಿರು ಕೊಡುತ್ತಾ ಇದ್ದರೆ ಹೃದಯ ಬಡಿಯುತ್ತಲೇ ಇರುತ್ತದೆ. ಪರಿಣಾಮ ಒಂದು ಗಂಟೆ ಮೀರಿ ಉಳಿದರೂ ಮನುಷ್ಯ ಬದುಕುತ್ತಾನೆ. ಅವರು ಹೇಳಿದ ಇನ್ನೊಂದು ಮಾತನ್ನು ನಾನು ಬರೆದು ಗೋಡೆಗೆ ಅಂಟಿಸಿದ್ದೇನೆ: ಉಸಿರು ಕೊಡುವಾಗ ಬಿದ್ದವರ ಜೊತೆ ಮಾತಾಡುತ್ತಿರಿ, ಅವರಿಗೆ ಕೇಳಿಸುತ್ತಿರುತ್ತದೆ.

ಮೇ ತಿಂಗಳ ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಂಡೆವು. ಸೀಲಿಂಗ್ ಫ್ಯಾನುಗಳನ್ನು ಆರಿಸಲೇಬೇಕು, ಏಕೆಂದರೆ ಅವುಗಳ ಗಾಳಿ ಹುಡ್ಡಿನ ಸೆಳೆತವನ್ನು ಕದಡುತ್ತದೆ. ಎರಡೆರಡು ಜೊತೆ ನೈಟ್ರೈಲ್ ಗ್ಲೌಸ್, ಮೈ ಮುಚ್ಚುವ ಏಪ್ರನ್, ಕನ್ನಡಕ ತೊಟ್ಟರೆ ಬೆವರು ಹಣೆಯಿಂದ ಕಣ್ಣಿಗಿಳಿಯುತ್ತದೆ, ಕೈ ತಾನಾಗಿ ಮುಖದ ಕಡೆ ಏಳುತ್ತದೆ. ಈ ಊರಿನಲ್ಲಿ ನಿಜವಾದ ಅಪಾಯ ಆ ಒಂದು ಚಲನೆಯಲ್ಲಿದೆ ಎಂದು ನನಗನ್ನಿಸಿ, ಹುಡುಗನ ಹಣೆಗೆ ಒಣ ಟವೆಲ್ಲಿನ ಪಟ್ಟಿಯನ್ನು ಬಿಗಿಯಾಗಿ ಕಟ್ಟಿಸಿದ್ದೆ.

ಅವನು ಸೂಜಿಯನ್ನು ರಬ್ಬರಿನೊಳಗೆ ಇಳಿಸಿ ಗಾಳಿ ಎಳೆದುಕೊಂಡ ಕ್ಷಣದಲ್ಲಿ ಕರೆಂಟು ಹೋಯಿತು. ಹುಡ್ಡಿನ ಮೋಟಾರು ನಿಂತಿತು. ಬಾಗಿಲಿನ ಅಂಚಿಗೆ ಕಟ್ಟಿದ್ದ ಟಿಶ್ಯೂ ಚೂರು ಒಳಗಿನ ಕಡೆ ಬಾಗಿದ್ದದ್ದು ಸಡಿಲಾಗಿ ನೇತಾಡಿತು. ಅವನು ನನ್ನ ಕಡೆ ನೋಡಿದ. “ನೀರು ಬಿಡಬೇಡ, ಸೂಜಿ ತೆಗೆದು ಡಬ್ಬಿಗೆ ಹಾಕು, ಬಾಗಿಲು ಇಳಿಸು” ಎಂದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಿದ್ದುದರಿಂದ ಏನೂ ಚಿಮ್ಮಲಿಲ್ಲ, ಮುಚ್ಚಳ ತೆರೆದಿರದ ಕಾರಣ ಹಾರಲು ಪುಡಿಯೂ ಇರಲಿಲ್ಲ. ಹೊರಗಿನ ಗ್ಲೌಸನ್ನು ಒಳಮಗ್ಗುಲಾಗಿ ಕಳಚಿ, ಎಲ್ಲರೂ ಹೊರಬಂದು ಕೋಣೆಗೆ ಬೀಗ ಹಾಕಿದೆವು. ಅದೇ ಹೊತ್ತಿನಲ್ಲಿ ತೆರೆದ ಸೀಸೆಯೂ ಸ್ಪ್ಯಾಚುಲಾದ ತುದಿಯಲ್ಲಿ ಪುಡಿಯೂ ಇದ್ದಿದ್ದರೆ ಏನು ಮಾಡುತ್ತಿದ್ದೆವು ಎಂಬುದನ್ನು ನೆರಳಿನಲ್ಲಿ ನಿಂತು ವಿದ್ಯಾರ್ಥಿಗಳೇ ಚರ್ಚಿಸಿದರು.

ಕರೆಂಟು ಬಂದ ಮೇಲೆ ಟಿಶ್ಯೂ ಮತ್ತೆ ಒಳಕ್ಕೆ ಬಾಗುವುದನ್ನು ಖಚಿತಪಡಿಸಿಕೊಂಡು, ಹೊಸ ಸೂಜಿಯಿಂದ ಕೆಲಸ ಮುಗಿಸಿದೆವು. ಮೇಜನ್ನು ಒಣಬಟ್ಟೆಯಿಂದ ಒರೆಸದೆ ಒದ್ದೆ ಕಾಗದದಿಂದ ಒರೆಸಿ, ತೊಳೆದ ನೀರನ್ನು ಸಿಂಕಿಗೆ ಬಿಡದೆ ಲೇಬಲ್ ಅಂಟಿಸಿದ ಬಾಟಲಿಯಲ್ಲಿ ಸಂಗ್ರಹಿಸಿ, ತ್ಯಾಜ್ಯ ಒಯ್ಯುವವರಿಗೆ ಕೊಡಲು ಎತ್ತಿಟ್ಟೆವು. ದ್ರಾವಣವನ್ನು ಫ್ರಿಜ್ಜಿನಲ್ಲಿ ಬೀಗವಿರುವ ಪ್ರತ್ಯೇಕ ಡಬ್ಬಿಯೊಳಗೆ ಕೆಂಪು ಲೇಬಲ್ಲಿನೊಂದಿಗೆ ಇಟ್ಟೆವು. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಆಸ್ಪತ್ರೆಯೊಂದರಲ್ಲಿ ಆತಂಕ ತಗ್ಗಿಸುವ ಮಿಡಜೋಲಾಮ್ ಬದಲಿಗೆ ಇದೇ ವರ್ಗದ ವೆಕ್ಯುರೋನಿಯಂ ಕೊಟ್ಟು ರೋಗಿಯೊಬ್ಬರು ಸತ್ತ ಪ್ರಕರಣವನ್ನು ಓದಿದವರು ಯಾರೂ ಇಂಥದ್ದನ್ನು ಬೇರೆ ಸೀಸೆಗಳ ಸಾಲಿನಲ್ಲಿ ಇಡಲಾರರು.

ಫ್ಯೂಮ್ ಹುಡ್ಡನ್ನು ಜನರೇಟರ್ ಲೈನಿಗೆ ಸೇರಿಸಬೇಕೆಂದು ಆ ವಾರವೇ ಆಡಳಿತಕ್ಕೆ ಬರೆದುಕೊಟ್ಟಿದ್ದೇನೆ. ಅದು ಆಗುವವರೆಗೆ ನಮ್ಮ ಲ್ಯಾಬಿನಲ್ಲಿ ಈ ವರ್ಗದ ಔಷಧಗಳ ಸೀಸೆ ಮುಚ್ಚಳ ತೆರೆಯದಂತೆ ಕರಗಿಸುವ ವಿಧಾನವೊಂದೇ ಜಾರಿಯಲ್ಲಿರುತ್ತದೆ, ಮತ್ತು ರಿಜಿಸ್ಟರಿನಲ್ಲಿ ಇಬ್ಬರ ಸಹಿ ಇಲ್ಲದೆ ಆ ಡಬ್ಬಿಯ ಬೀಗದ ಕೈ ಯಾರಿಗೂ ಸಿಗುವುದಿಲ್ಲ.