ಫ್ರಾಸ್ಟ್ ಪದ್ಯದ ಆ ಒಂದು ಕಾಮಾ

ಹನ್ನೊಂದನೇ ತರಗತಿಯಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಟೀಚರ್ ಈ ಮಾರ್ಚ್‌ನಲ್ಲಿ ತೀರಿಕೊಂಡರು. ನ್ಯೂಜೆರ್ಸಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಜೀವಮಾನವಿಡೀ ಪಾಠ ಮಾಡಿದವರು. ಅದೇ ವಾರ ಹಾಸನದಿಂದ ಫೋನ್ ಬಂತು, ಶಾಲೆಯ ವಾರ್ಷಿಕ ಸಂಚಿಕೆಗೆ ಹಳೆಯ ನೆನಪು ಬರೆದುಕೊಡಿ ಅಂತ. ನಮ್ಮ ಶಾಲೆಯ ಪುಟದಲ್ಲಿ ಅಮೆರಿಕದ ಟೀಚರ್ ಯಾಕೆ ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಇಂಗ್ಲಿಷ್ ಮೇಷ್ಟ್ರು ಹಾಕಿದ ಬುನಾದಿ ಇಲ್ಲದಿದ್ದರೆ ಆ ಟೀಚರ್ ಹೇಳಿದ್ದು ನನ್ನ ತಲೆಗೆ ಅರ್ಧವೂ ಹತ್ತುತ್ತಿರಲಿಲ್ಲ.

ಮೇಷ್ಟ್ರನ್ನು ನನ್ನ ಜೊತೆಯವರು ಮರೆತಿರಲಾರರು. ನಾವೆಲ್ಲ ಕನ್ನಡ ಮೀಡಿಯಂನವರು, ಐದನೇ ಕ್ಲಾಸಿಗೆ ಬಂದ ಮೇಲೆ ಎಬಿಸಿಡಿ ಕಂಡವರು. ಮೇಷ್ಟ್ರ ಕೈಯಲ್ಲಿ ಸದಾ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕ. ‘ರಾಮ ರಾವಣನನ್ನು ಕೊಂದ’ ಅನ್ನುವ ವಾಕ್ಯವನ್ನು ಪ್ಯಾಸಿವ್ ವಾಯ್ಸ್‌ಗೆ, ಅಂದರೆ ‘ರಾವಣ ರಾಮನಿಂದ ಕೊಲ್ಲಲ್ಪಟ್ಟ’ ಅನ್ನುವ ರೂಪಕ್ಕೆ, ತಿರುಗಿಸದೆ ಯಾರೂ ಆ ಕ್ಲಾಸಿನಿಂದ ಹೊರಗೆ ಬಂದಿಲ್ಲ. ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರೂ ಹಿಂದಿನ ಬೆಂಚಿನಲ್ಲಿ ಒಂದು ಪ್ರಿಪೊಸಿಷನ್ ತಪ್ಪಿದರೆ ತಕ್ಷಣ ತಿರುಗುತ್ತಿದ್ದರು. ಒಂದು ಮಳೆಗಾಲದ ಮಧ್ಯಾಹ್ನ, ಸಿಲಬಸ್ಸಿಗೆ ಸಂಬಂಧವೇ ಇಲ್ಲದೆ, ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್‌ನ ಹಿಮ ಬೀಳುವ ಕಾಡಿನ ಪದ್ಯವನ್ನು ಬೋರ್ಡಿನ ಮೇಲೆ ಬರೆದರು. ಅದರ ಕೊನೆಯ ಸಾಲುಗಳನ್ನು ನೆಹರೂ ತಮ್ಮ ಮೇಜಿನ ಮೇಲೆ ಬರೆದಿಟ್ಟುಕೊಂಡಿದ್ದರು ಅಂತ ಹೇಳಿ, ನಮಗೂ ಬರೆದುಕೊಳ್ಳಲು ಹೇಳಿದರು. ಆ ನೋಟ್‌ಬುಕ್ ನನ್ನ ಜೊತೆ ವಿಮಾನ ಹತ್ತಿತು.

1998ರಲ್ಲಿ ನನ್ನ ಎಸ್ಸೆಸ್ಸೆಲ್ಸಿ ಮುಗಿಯಿತು. ಅಪ್ಪನಿಗೆ ವೈಟುಕೆ (ಕಂಪ್ಯೂಟರುಗಳನ್ನು 2000ನೇ ಇಸವಿಗೆ ಸಿದ್ಧಮಾಡುವ) ಕೆಲಸ ಸಿಕ್ಕಿ ನಾವು ನ್ಯೂಜೆರ್ಸಿಗೆ ಹೋದೆವು. ಅಮೆರಿಕದ ಬಹಳ ಹೈಸ್ಕೂಲುಗಳಲ್ಲಿ ಹನ್ನೊಂದನೇ ತರಗತಿಯ ಇಂಗ್ಲಿಷ್ ಅಂದರೆ ಅಮೆರಿಕನ್ ಸಾಹಿತ್ಯ. ಹಾಥಾರ್ನ್, ಥೋರೋ, ಡಿಕಿನ್ಸನ್, ಟ್ವೇನ್, ಫಿಟ್ಜ್‌ಜೆರಾಲ್ಡ್. ಸಾಹಿತ್ಯ ಇತ್ತು, ವ್ಯಾಕರಣ ಇರಲಿಲ್ಲ. ಮೊದಲ ವಾರ ಟೀಚರ್ ಒಂದು ವಾಕ್ಯ ಕೊಟ್ಟು ಪಾರ್ಟಿಸಿಪಲ್ (ವಿಶೇಷಣದಂತೆ ಬರುವ ಕ್ರಿಯಾರೂಪ) ಎಲ್ಲಿದೆ ಅಂತ ಕೇಳಿದಾಗ, ಹುಟ್ಟಿದಾಗಿನಿಂದ ಇಂಗ್ಲಿಷ್ ಮಾತಾಡಿದ ಮಕ್ಕಳೆಲ್ಲ ಮುಖ ಮುಖ ನೋಡಿಕೊಂಡರು. ಕೈ ಎತ್ತಿದ್ದು ಹಾಸನದ ಹುಡುಗಿ ಒಬ್ಬಳೇ. ಆ ಹೆಮ್ಮೆ ಇವತ್ತಿಗೂ ಇದೆ. ಅದರಲ್ಲಿ ಮೇಷ್ಟ್ರ ಪಾಲೇ ಜಾಸ್ತಿ.

ಆ ಮಕ್ಕಳಿಗೆ ಯಾಕೆ ಗೊತ್ತಿರಲಿಲ್ಲ ಅನ್ನುವುದಕ್ಕೂ ಒಂದು ಕಥೆ ಇದೆ. ವ್ಯಾಕರಣವನ್ನು ಬೇರೆಯಾಗಿ ಕಲಿಸಿದರೆ ಮಕ್ಕಳ ಬರವಣಿಗೆ ಸುಧಾರಿಸುವುದಿಲ್ಲ, ಬರೆಯುವ ಸಮಯವನ್ನು ಅದು ತಿಂದುಹಾಕಿದರೆ ಕೆಡುಕೂ ಆಗಬಹುದು ಅಂತ 1963ರಲ್ಲಿ ಅಲ್ಲಿ ಒಂದು ದೊಡ್ಡ ವರದಿ ಬಂತು. ಇಂಗ್ಲಿಷ್ ಶಿಕ್ಷಕರ ರಾಷ್ಟ್ರೀಯ ಸಂಘವೂ 1985ರಲ್ಲಿ ಬಿಡಿ ಬಿಡಿ ವ್ಯಾಕರಣದ ಅಭ್ಯಾಸಗಳ ವಿರುದ್ಧ ನಿರ್ಣಯ ಮಾಡಿತು. ಎಷ್ಟೋ ಶಾಲೆಗಳು ವ್ಯಾಕರಣವನ್ನೇ ಕೈಬಿಟ್ಟವು. ನಮ್ಮ ಟೀಚರ್ ಬಿಡಲಿಲ್ಲ. ಒಣ ಅಭ್ಯಾಸ ಬೇಡ ಅನ್ನುವುದು ಸರಿ, ಹಾಗಂತ ವಾಕ್ಯವನ್ನು ಬಿಚ್ಚಿ ನೋಡುವುದನ್ನೇ ಬಿಟ್ಟರೆ ಓದುವುದಾದರೂ ಏನನ್ನು ಅಂತ ಕೇಳುತ್ತಿದ್ದರು. ಅವರ ಕ್ಲಾಸಿನಲ್ಲಿ ವ್ಯಾಕರಣಕ್ಕೆ ಬೇರೆ ಪುಸ್ತಕ ಇರಲಿಲ್ಲ. ಓದುತ್ತಿದ್ದ ಕಾದಂಬರಿ, ಭಾಷಣ, ಪದ್ಯಗಳೇ ಪುಸ್ತಕ.

ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು, 1845ರಲ್ಲಿ ಆತ್ಮಕಥೆ ಬರೆದ ಫ್ರೆಡರಿಕ್ ಡಗ್ಲಸ್ ನಮಗೆ ಪಾಠವಾಗಿದ್ದ. ಅಕ್ಷರ ಹೇಳಿಕೊಡುತ್ತಿದ್ದ ಯಜಮಾನಿಯನ್ನು ಅವಳ ಗಂಡ ತಡೆದಾಗ, ಬಾಲ್ಟಿಮೋರ್ ಬೀದಿಯ ಬಿಳಿಯ ಹುಡುಗರಿಗೆ ಬ್ರೆಡ್ ಕೊಟ್ಟು ಓದು ಕಲಿತವನು. ಅವನ ಒಂದು ವಾಕ್ಯವನ್ನು ಟೀಚರ್ ಬೋರ್ಡಿನ ಮೇಲೆ ಬರೆದರು. ಮನುಷ್ಯನೊಬ್ಬನನ್ನು ಗುಲಾಮನಾಗಿ ಮಾಡಿದ್ದನ್ನು ನೋಡಿದ್ದೀರಿ, ಗುಲಾಮನನ್ನು ಮನುಷ್ಯನಾಗಿ ಮಾಡಿದ್ದನ್ನು ಇನ್ನು ನೋಡುವಿರಿ ಅನ್ನುವ ಅರ್ಥದ್ದು. ಇಂಗ್ಲಿಷಿನಲ್ಲಿ ಎರಡು ಕಡೆಯೂ ಪ್ಯಾಸಿವ್. ಮಾಡಿದವರು ಯಾರು ಅಂತ ಎರಡರಲ್ಲೂ ಇಲ್ಲ. “ಇಬ್ಬರು ಅಡಗಿದ್ದಾರೆ, ಹುಡುಕಿ” ಅಂದರು. ಕರ್ತೃ ಮುಖ್ಯವಲ್ಲದಿದ್ದರೆ ‘ಬೈ’, ಅಂದರೆ ‘ಇಂಥವರಿಂದ’ ಅನ್ನುವ ಭಾಗ, ಬಿಡಬಹುದು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ಇಲ್ಲಿ ಬಿಟ್ಟುಹೋದ ಕರ್ತೃವೇ ಮುಖ್ಯ. ಮೊದಲ ಕಡೆ ಯಜಮಾನರು. ಎರಡನೇ ಕಡೆ ಡಗ್ಲಸ್ ತಾನೇ, ಗುಲಾಮರನ್ನು ಹೊಡೆದು ಬಗ್ಗಿಸುತ್ತಿದ್ದ ಕೋವಿ ಎಂಬ ಹೆಸರಿನ ಕ್ರೂರಿಗೆ ತಿರುಗಿ ಬಿದ್ದು ಹೊಡೆದಾಡಿದವನು. ರಾಮ ರಾವಣರ ವಾಕ್ಯವನ್ನು ಅಷ್ಟು ಸಲ ತಿರುಗಿಸಿದ್ದು ಯಾತಕ್ಕೆ ಅಂತ ನನಗೆ ಅವತ್ತು ತಿಳಿಯಿತು.

ಲಿಂಕನ್‌ನ ಗೆಟ್ಟಿಸ್‌ಬರ್ಗ್ ಭಾಷಣದಲ್ಲಿ ಪ್ರಿಪೊಸಿಷನ್ ಕಲಿತೆವು. 1863ರ ಆ ಭಾಷಣ ಸುಮಾರು 270 ಪದ, ಅದರಲ್ಲಿ ಕೊನೆಯ ವಾಕ್ಯ ಒಂದೇ 80ಕ್ಕೂ ಹೆಚ್ಚು ಪದ. ಆ ವಾಕ್ಯವನ್ನು ರೀಡ್ ಮತ್ತು ಕೆಲಾಗ್ ಎಂಬ ಇಬ್ಬರು ಮೇಷ್ಟ್ರುಗಳ 1877ರ ಪದ್ಧತಿಯಲ್ಲಿ ಚಿತ್ರವಾಗಿ ಬರೆಸಿದರು. ಒಂದು ಅಡ್ಡಗೆರೆ, ಅದನ್ನು ಸೀಳುವ ಉದ್ದಗೆರೆಯ ಆಚೆ ಈಚೆ ಕರ್ತೃ ಮತ್ತು ಕ್ರಿಯೆ, ವಿಶೇಷಣಗಳೆಲ್ಲ ಕೆಳಗೆ ಓರೆಗೆರೆಗಳ ಮೇಲೆ. ಬೋರ್ಡು ಸಾಲದೆ ಗೋಡೆಗೆ ಕಾಗದ ಅಂಟಿಸಿದೆವು. ಕವಿ ಎಮಿಲಿ ಡಿಕಿನ್ಸನ್ ಬಂದಾಗ ಅವಳ ಪದ್ಯಗಳ ತುಂಬ ಇರುವ ಡ್ಯಾಶ್ ಚಿಹ್ನೆ ಕಲಿತೆವು. 1890ರಲ್ಲಿ ಮೊದಲು ಅಚ್ಚು ಹಾಕಿದವರು ಅವಳ ಚಿಹ್ನೆಗಳನ್ನು ತಿದ್ದಿಬಿಟ್ಟಿದ್ದರು. ಅವಳು ಬರೆದ ಹಾಗೇ ಓದಲು ಓದುಗರು 1955ರ ತನಕ ಕಾಯಬೇಕಾಯಿತು. ಟ್ವೇನ್‌ನ ಹಕಲ್‌ಬೆರಿ ಫಿನ್ ಕಾದಂಬರಿ ಓದುವಾಗ ಕಥೆ ಹೇಳುವ ಹುಡುಗ ಹಕ್‌ನ ಇಂಗ್ಲಿಷನ್ನು ತಿದ್ದಲು ಬಿಡಲಿಲ್ಲ. ಅವನು ಡಬಲ್ ನೆಗೆಟಿವ್ (ಒಂದೇ ವಾಕ್ಯದಲ್ಲಿ ಎರಡು ‘ಇಲ್ಲ’) ಎಲ್ಲೆಲ್ಲಿ ಹಾಕುತ್ತಾನೆ, ಅದಕ್ಕೆ ನಿಯಮ ಏನು ಅಂತ ನಾವೇ ಪಟ್ಟಿ ಮಾಡಬೇಕಿತ್ತು. ಆಡುಮಾತಿಗೂ ವ್ಯಾಕರಣ ಇದೆ ಅಂತ ನಮ್ಮ ಹಾಸನದ ಮಾತಿನವಳಿಗೆ ಕೇಳಿ ಎಷ್ಟು ಖುಷಿಯಾಗಿರಬೇಡ!

ಈಗ ನಾವು ಮಾಡಿದ ಕಿತಾಪತಿ ಹೇಳುತ್ತೇನೆ. ಕ್ಲಾಸಿನ ಗೋಡೆಯ ಮೇಲೆ ಅದೇ ಫ್ರಾಸ್ಟ್ ಪದ್ಯದ ದೊಡ್ಡ ಪೋಸ್ಟರ್ ಇತ್ತು. ಕಾಡನ್ನು ವರ್ಣಿಸುವ ಸಾಲಿನಲ್ಲಿ ‘ಲವ್ಲಿ, ಡಾರ್ಕ್, ಅಂಡ್ ಡೀಪ್’ ಅಂತ ಎರಡು ಕಾಮಾ. ಮೇಷ್ಟ್ರು ಬರೆಸಿದ ನನ್ನ ನೋಟ್‌ಬುಕ್ಕಿನಲ್ಲಿ ‘ಲವ್ಲಿ’ ಆದಮೇಲೆ ಒಂದೇ. ಪಕ್ಕದಲ್ಲಿ ಕೂರುತ್ತಿದ್ದ ಗುಜರಾತಿ ಹುಡುಗನಿಗೆ ತೋರಿಸಿದೆ. ಊಟದ ಬಿಡುವಿನಲ್ಲಿ ಅವನು ಕುರ್ಚಿ ಹಿಡಿದ, ನಾನು ಹತ್ತಿ ವೈಟ್ನರ್‌ನಿಂದ ಎರಡನೇ ಕಾಮಾ ಅಳಿಸಿದೆ.

ಟೀಚರ್ ಒಳಗೆ ಬಂದು ಬ್ಯಾಗ್ ಇಡುವ ಮೊದಲೇ ಗೋಡೆ ನೋಡಿದರು. ಯಾರು ಅಂತ ಕೇಳಲಿಲ್ಲ. ಯಾಕೆ ಅಂತ ಕೇಳಿದರು. ನಾನು ಎದ್ದು ನೋಟ್‌ಬುಕ್ ತೋರಿಸಿದೆ. ಆ ಸಾಲನ್ನು ಎರಡೂ ಥರ ಗಟ್ಟಿಯಾಗಿ ಓದಿಸಿದರು. ಆಮೇಲೆ ವಿಷಯ ಹೇಳಿದರು. ಫ್ರಾಸ್ಟ್ 1923ರಲ್ಲಿ ಪ್ರಕಟಿಸಿದ ಪದ್ಯದಲ್ಲಿ ಆ ಕಾಮಾ ಇಲ್ಲ. ಅವನು ತೀರಿಕೊಂಡದ್ದು 1963ರಲ್ಲಿ. 1969ರಲ್ಲಿ ಲೇಥಮ್ ಎಂಬ ಸಂಪಾದಕ ಸಮಗ್ರ ಕವಿತೆಗಳ ಪುಸ್ತಕ ತರುವಾಗ ಅದನ್ನು ಸೇರಿಸಿದ. ಬೇಡ ಅನ್ನಲು ಕವಿ ಇರಲಿಲ್ಲ. ಬೋರ್ಡಿನ ಮೇಲೆ ಎರಡು ಚಿತ್ರ ಬರೆದರು. ಕಾಮಾ ಇದ್ದರೆ ಮೂರು ಬೇರೆ ಬೇರೆ ಗುಣ. ಇಲ್ಲದಿದ್ದರೆ ಕತ್ತಲು ಮತ್ತು ಆಳವೇ ಆ ಕಾಡಿನ ಚೆಲುವು. ಹಾಗಾದರೆ ಕೊನೆಯಲ್ಲಿ ಪದ್ಯದ ಪ್ರಯಾಣಿಕ ಆ ಕಾಡು ಬಿಟ್ಟು ಹೊರಡಲು ಯಾಕೆ ಅಷ್ಟು ಕಷ್ಟಪಡುತ್ತಾನೆ ಅಂತ ವಾದ ಶುರುವಾಯಿತು. ಬೆಲ್ ಹೊಡೆದರೂ ಮುಗಿಯಲಿಲ್ಲ, ಮಾರನೇ ದಿನಕ್ಕೂ ಹೋಯಿತು.

ನಾನು ಮೇಷ್ಟ್ರಿಗೆ ಕಾಗದ ಬರೆದೆ. ಅವರ ಉತ್ತರ ಇಂಗ್ಲಿಷಿನಲ್ಲೇ ಬಂತು. ತಾನು ಬೋರ್ಡಿನ ಮೇಲೆ ಏನು ಬರೆದರೂ ನೋಡಿಕೊಂಡೇ ಬರೆಯುವುದು ಅಂತ ಒಂದೇ ಸಾಲು, ಉಳಿದದ್ದೆಲ್ಲ ಮನೆಯವರ ಕ್ಷೇಮಸಮಾಚಾರ. ಟೀಚರ್ ಆ ಕಾಗದದ ಜೆರಾಕ್ಸ್ ತೆಗೆದು ಪೋಸ್ಟರ್ ಪಕ್ಕ ಅಂಟಿಸಿದರು. ಒಬ್ಬರನ್ನೊಬ್ಬರು ಕಾಣದ ಇಬ್ಬರು, ಒಂದೇ ಗೋಡೆಯ ಮೇಲೆ. ಈಗ ಇಬ್ಬರೂ ಇಲ್ಲ.

ನಾನೀಗ ಔಷಧಿಗಳ ಜೊತೆ ಬರುವ ಮಾಹಿತಿ ಹಾಳೆಗಳನ್ನು ಬರೆಯುವ ಕೆಲಸದಲ್ಲಿದ್ದೇನೆ. ಒಂದು ಕಾಮಾ ಆಚೀಚೆ ಆದರೆ ರೋಗಿ ತಿನ್ನುವ ಮಾತ್ರೆ ಆಚೀಚೆ ಆಗುವ ಜಾಗ ಇದು. ನಮ್ಮ ಆಫೀಸಿನಲ್ಲಿ ಕರಡು ಅಂತಿಮವಾಗುವ ಮೊದಲು ನನ್ನ ಮೇಜಿಗೆ ಬಂದೇ ಬರುತ್ತದೆ. ಇಂಗ್ಲಿಷ್ ಮನೆಮಾತಿನ ಸಹೋದ್ಯೋಗಿಗಳೂ ವಾಕ್ಯ ತೂಗಿಸಿಕೊಳ್ಳಲು ನನ್ನ ಹತ್ತಿರವೇ ಬರುತ್ತಾರೆ.

ನನ್ನ ಮಗಳು ಈಗ ಹನ್ನೊಂದನೇ ತರಗತಿ. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆ ಇಲ್ಲಿ ಅಮೆರಿಕದಲ್ಲಿ 2024ರಿಂದ ಕಂಪ್ಯೂಟರಿನಲ್ಲಿ. ಓದಲು ಕೊಡುವ ತುಣುಕು 25ರಿಂದ 150 ಪದ, ಅದಕ್ಕೊಂದು ಪ್ರಶ್ನೆ, ಮುಂದಕ್ಕೆ. ಅವಳ ಕ್ಲಾಸಿನಲ್ಲೂ ಇಡೀ ಕಾದಂಬರಿಗಿಂತ ಆಯ್ದ ಭಾಗಗಳೇ ಜಾಸ್ತಿ. ತಪ್ಪಿದ ಕಡೆ ಸಾಫ್ಟ್‌ವೇರ್ ಗೆರೆ ಎಳೆಯುತ್ತದೆ, ಒತ್ತಿದರೆ ಸರಿಹೋಗುತ್ತದೆ. ಯಾಕೆ ತಪ್ಪು ಅಂತ ಕೇಳುವವರು ಯಾರು? ನಮ್ಮ ಕಡೆಯೂ ಗೈಡ್ ನೋಡಿ ಪ್ರಶ್ನೋತ್ತರ ಬಾಯಿಪಾಠ ಮಾಡುವುದೇ ನಡೆದಿದೆ ಅಂತ ಕೇಳುತ್ತೇನೆ. ಮಕ್ಕಳು ಚುರುಕಿಲ್ಲ ಅಂತ ಅಲ್ಲ. ಒಂದು ವಾಕ್ಯದ ಮುಂದೆ ಒಂದು ಗಂಟೆ ಕೂರಲು ಅವರಿಗೆ ಯಾರೂ ಬಿಡುತ್ತಿಲ್ಲ.

ಜುಲೈನಲ್ಲಿ ಊರಿಗೆ ಬರುತ್ತಿದ್ದೇನೆ. ಒಂಬತ್ತನೇ ಕ್ಲಾಸಿಗೆ ಕೆಲವು ಪಾಠ ಮಾಡಲು ಹೆಡ್‌ಮಾಸ್ಟರ್ ಒಪ್ಪಿದ್ದಾರೆ. ಲಿಂಕನ್‌ನಿಂದಲೇ ಶುರು, ಪೂರ್ತಿ ಭಾಷಣ. ಗೋಡೆಗೆ ಅಂಟಿಸಲು ಉದ್ದನೆಯ ಕಾಗದ ನಾನೇ ತರುತ್ತೇನೆ, ಮಕ್ಕಳು ಪೆನ್ಸಿಲ್ ಮತ್ತು ಸ್ಕೇಲ್ ತಂದರೆ ಸಾಕು. ಮೇಷ್ಟ್ರ ಕ್ಲಾಸಿನ ಹಳೆಯ ನೋಟ್‌ಬುಕ್ ಯಾರ ಮನೆಯಲ್ಲಾದರೂ ಉಳಿದಿದ್ದರೆ ದಯವಿಟ್ಟು ಶಾಲೆಗೆ ತಲುಪಿಸಿ.