ಮಾಕುಟ್ಟ ಘಾಟಿಯಲ್ಲಿ ಟ್ರೀ ನಿಂಫ್: ಹೋಗುವವರಿಗೆ ಒಂದಿಷ್ಟು ವಿವರ

ಮಲಬಾರ್ ಟ್ರೀ ನಿಂಫ್ ನಮ್ಮ ಪಶ್ಚಿಮ ಘಟ್ಟದ್ದೇ ಚಿಟ್ಟೆ. ಮಡಿಕೇರಿ ಸುತ್ತಿನ ಕಾಫಿ ತೋಟಗಳಲ್ಲಿ ಹುಡುಕಿ ದಿನ ಕಳೆಯಬೇಡಿ, ಅದಕ್ಕೆ ಬೇಕಾದ್ದು ದಟ್ಟ ನಿತ್ಯಹರಿದ್ವರ್ಣ ಕಾಡು. ವಿರಾಜಪೇಟೆಯಲ್ಲಿ ಉಳಿದುಕೊಂಡು, ಪೆರುಂಬಾಡಿ ದಾಟಿ ಕೇರಳದ ಕಡೆ ಇಳಿಯುವ ಮಾಕುಟ್ಟ ಘಾಟಿಗೆ ಹೋಗಿ. ಜೂನ್‌ನಿಂದ ಆಗಸ್ಟ್ ಬೇಡವೇ ಬೇಡ. 2018ರ ಮಳೆಗಾಲದಲ್ಲಿ ಇಲ್ಲಿ ಗುಡ್ಡ ಕುಸಿದು ರಸ್ತೆಯೇ ಬಂದ್ ಆಗಿತ್ತು. ಮಳೆ ನಿಂತ ಮೇಲೂ ಇಂಬಳ ಇರುತ್ತದೆ. ಪ್ಯಾಂಟನ್ನು ಉದ್ದ ಸಾಕ್ಸ್ ಒಳಗೆ ಸೇರಿಸಿ, ಸಾಕ್ಸ್‌ಗೆ ಹೊಗೆಸೊಪ್ಪಿನ ಪುಡಿ ಉಜ್ಜಿಕೊಳ್ಳಿ.

ರೆಕ್ಕೆ ಬಿಡಿಸಿದರೆ 12ರಿಂದ 15 ಸೆಂ.ಮೀ. ಅಗಲ, ಅರೆಪಾರದರ್ಶಕ ಬಿಳಿ, ಅದರ ಮೇಲೆ ಕಪ್ಪು ನರ, ಕಪ್ಪು ಚುಕ್ಕೆ. ದೂರದಿಂದ ಗ್ಲಾಸಿ ಟೈಗರ್ ಎಂಬ ಇನ್ನೊಂದು ಚಿಟ್ಟೆ ಕಂಡು ಇದೇ ಎಂದುಕೊಳ್ಳುವವರಿದ್ದಾರೆ. ಅದು ತೀರಾ ಚಿಕ್ಕದು. ಟ್ರೀ ನಿಂಫ್‌ಗೆ ಹಾರಾಟವೇ ಗುರುತು: ಒಂದೆರಡು ಸಲ ರೆಕ್ಕೆ ಬಡಿದು, ಮಹಡಿಯಿಂದ ಬಿಟ್ಟ ತೆಳು ಕಾಗದದಂತೆ ತೇಲುತ್ತಾ ಇಳಿಯುತ್ತದೆ. ಮರಿಹುಳು ತಿನ್ನುವುದು ಅಗನೋಸ್ಮಾ ಎಂಬ, ಕಣಗಿಲೆ ಕುಟುಂಬದ ಬಳ್ಳಿಯ ಎಲೆ.

ರಸ್ತೆ ಬಿಟ್ಟು ಕಾಡಿಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆದರೆ ಒಳಗೆ ಹೋಗಲೇಬೇಕೆಂದಿಲ್ಲ. ಹಳ್ಳ ರಸ್ತೆಗೆ ಅಡ್ಡ ಬರುವ ಕಡೆ ಮರಗಳ ನೆತ್ತಿ ತೆರೆದಿರುತ್ತದೆ, ಬೆಳಗಿನ ಬಿಸಿಲು ಬಿದ್ದ ಮೇಲೆ ಅಲ್ಲೇ ನಿಲ್ಲಿ. ಬೆನ್ನಟ್ಟಿದರೆ ಮೇಲಕ್ಕೆ ಹೋಗಿಬಿಡುತ್ತದೆ. ಕಾದರೆ ಅದೇ ಜಾಗದಲ್ಲಿ ಮತ್ತೆ ಸುತ್ತು ಹಾಕುವ ಸಾಧ್ಯತೆ ಹೆಚ್ಚು. ಮೋಡ ಕವಿದರೆ ಚಿಟ್ಟೆ ಕೂತಿರಬಹುದು, ಕಣ್ಣನ್ನು ನೇತಾಡುವ ಬಳ್ಳಿಗಳ ಮೇಲಿಡಿ.

ತೀರಾ ಹತ್ತಿರದಿಂದ ತೆಗೆಯಲು ಬಳಸುವ 100 ಎಂ.ಎಂ. ಮ್ಯಾಕ್ರೋ ಲೆನ್ಸ್ ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬಾರದು, ಚಿಟ್ಟೆ ತಲೆಯಿಂದ ಬಹಳ ಮೇಲಿರುತ್ತದೆ. 100–400 ಎಂ.ಎಂ. ಜೂಮ್ ಲೆನ್ಸ್ ತನ್ನಿ. ಚಿತ್ರಗಳು ಹಾಳಾಗುವುದು ಹೆಚ್ಚಾಗಿ ಎಕ್ಸ್‌ಪೋಷರ್‌ನಲ್ಲಿ, ಅಂದರೆ ಬೆಳಕಿನ ಅಳತೆಯಲ್ಲಿ. ಹಿಂದೆ ಕಪ್ಪು ಹಸಿರು ಇದ್ದಾಗ ಕ್ಯಾಮೆರಾ ಬೆಳಕು ಹೆಚ್ಚಿಸುತ್ತದೆ, ಬಿಳಿ ರೆಕ್ಕೆ ಸುಟ್ಟುಹೋಗಿ ನರಗಳೇ ಕಾಣುವುದಿಲ್ಲ. ಹಾಗಾಗಿ ಬೆಳಕು ಹೆಚ್ಚು-ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು ಮೈನಸ್ 2/3ರಿಂದ ಮೈನಸ್ 1 ಸ್ಟಾಪ್‌ವರೆಗೆ ಇಳಿಸಿ. ಹಿನ್ನೆಲೆ ಆಕಾಶವಾದರೆ ಉಲ್ಟಾ, ಪ್ಲಸ್ 1. ಹಾರುವಾಗ ಶಟರ್ ವೇಗ 1/1000 ಸೆಕೆಂಡ್‌ಗಿಂತ ನಿಧಾನ ಬೇಡ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600–3200ಕ್ಕೆ ಏರಿದರೂ ಚಿಂತೆಯಿಲ್ಲ, ಆಮೇಲೆ ತಿದ್ದಲು ಅನುಕೂಲವಾಗುವ ರಾ ಫೈಲ್ ಇಟ್ಟುಕೊಳ್ಳಿ. ಕೂತಾಗ ಒಂದೇ ಫೋಕಸ್ ಪಾಯಿಂಟ್. ಇಲ್ಲದಿದ್ದರೆ ಮುಂದಿನ ಎಲೆಗೆ ಫೋಕಸ್ ಹಾರುತ್ತದೆ.

ಘಾಟಿ ಇಳಿದಂತೆ ಸೆಕೆ ಏರುತ್ತದೆ. ಎಸಿ ಕಾರಿನಿಂದ ನೇರ ಕ್ಯಾಮೆರಾ ತೆಗೆದರೆ ಲೆನ್ಸ್ ಮಂಜಾಗುತ್ತದೆ, ಮೊದಲೇ ಎಸಿ ಆರಿಸಿ. ಆನೆ ಓಡಾಡುವ ದಾರಿಯಿದು, ಕತ್ತಲಾಗುವ ಮೊದಲೇ ವಿರಾಜಪೇಟೆ ಕಡೆ ಘಾಟಿ ಹತ್ತಿಬಿಡಿ.