ಗದ್ದೆ ಮೇಲಿನ ಮನೆ, ತೇಗದ ನೆಲ

ಮಂಡ್ಯದಿಂದ ಕೆಲಸ ಬಂದರೆ, ಸೈಟು ಮೊದಲು ಗದ್ದೆಯಾಗಿತ್ತಾ ಎಂದು ಕೇಳಿಕೊಂಡೇ ನಾನು ಮೈಸೂರಿನಿಂದ ಹೊರಡುವುದು. ಈ ಸಲ ಮನೆ ಯಜಮಾನರ ಉತ್ತರ ಫೋನಿನಲ್ಲೇ ಸಿಕ್ಕಿತು. "ಹೂಂ ಕಣಪ್ಪ, ನಮ್ಮಪ್ಪನ ಕಾಲದಿಂದ ಭತ್ತ ಬೆಳೀತಿದ್ದ ಜಾಗ. ಈಗ ಲೇಔಟ್ ಆಗೈತೆ." ಮಗಳು ಭರತನಾಟ್ಯ ಕಲಿಸುವವಳು. ಅವಳ ಪಾಠಕ್ಕೆಂದು ನೆಲ ಅಂತಸ್ತಿನ ಹಿಂದಿನ ಕೋಣೆಗೆ ತೇಗದ ಹಲಗೆ ಹಾಸಬೇಕಿತ್ತು. ಶ್ರಾವಣದಲ್ಲಿ ಗೃಹಪ್ರವೇಶ, ಕಾರ್ಡೂ ಹಂಚಿಯಾಗಿತ್ತು.

ನಾನು ಹೋದಾಗ ಆಷಾಢ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟಿದ್ದರು. ಕಾಂಪೌಂಡಿನಾಚೆ ಇನ್ನೂ ಉಳಿದಿದ್ದ ಗದ್ದೆಗಳಲ್ಲಿ ನೀರು ನಿಂತಿತ್ತು. ಒಳಗೆ ನೋಡಿದರೆ ಕಾಂಕ್ರೀಟು ಬೆಳ್ಳಗೆ ಒಣಗಿತ್ತು. ಮೇಸ್ತ್ರಿ ಕಾಲಲ್ಲಿ ಉಜ್ಜಿ ತೋರಿಸಿದ. "ಇಂಚಿಗೊಂದು ತಿಂಗಳು ಸಾರ್. ನಾಲ್ಕಿಂಚಿಗೆ ನಾಲ್ಕು ತಿಂಗಳು ಆಗೋಯ್ತಲ್ಲ." ಲೆಕ್ಕ ಸುಳ್ಳಲ್ಲ. ಆದರೆ ಗಾಳಿಯಾಡುವ ಒಣಹವೆಯಲ್ಲಿ, ಕೆಳಗಿನಿಂದ ಹೊಸ ನೀರು ಏರದಿದ್ದಾಗ ಹೊಂದುವ ಲೆಕ್ಕ ಅದು.

ಒಣಗಿದಂತೆ ಕಾಣುವ ಕಾಂಕ್ರೀಟಿನೊಳಗೆ ನೀರು ಎಲ್ಲಿಂದ ಬರುತ್ತದೆ ಎಂದು ಯಜಮಾನರು ಕೇಳಿದರು. 50 ಕೆಜಿಯ ಒಂದು ಮೂಟೆ ಸಿಮೆಂಟಿಗೆ ಗಾರೆಯವರು ಕಡಿಮೆಯೆಂದರೂ 25 ಲೀಟರ್ ನೀರು ಸುರಿಯುತ್ತಾರೆ. ಸಿಮೆಂಟು ಗಟ್ಟಿಯಾಗಲು ತನ್ನೊಳಗೆ ಕಟ್ಟಿಕೊಳ್ಳುವುದು ಅದರಲ್ಲಿ ಅರ್ಧದಷ್ಟು. ಮಿಕ್ಕದ್ದು ಸಣ್ಣ ಸಣ್ಣ ರಂಧ್ರಗಳಲ್ಲಿ ಕೂತಿದ್ದು, ನಿಧಾನಕ್ಕೆ ಆವಿಯಾಗಿ ಹೋಗಬೇಕು. ಇದರ ಮೇಲೆ ಕ್ಯೂರಿಂಗಿಗೆ ಪಾತಿ ಕಟ್ಟಿ ನಿಲ್ಲಿಸಿದ ನೀರು ಬೇರೆ.

ಮೊದಲು ಅವರ ಸಮಾಧಾನಕ್ಕೆ ಪ್ಲಾಸ್ಟಿಕ್ ಪರೀಕ್ಷೆ ಮಾಡಿದೆ. ಹದಿನೆಂಟು ಇಂಚಿನ ಚೌಕದ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ರಾತ್ರಿಯೆಲ್ಲ ಬಿಟ್ಟೆವು. ಬೆಳಗ್ಗೆ ಒಂದು ಹನಿಯೂ ಇರಲಿಲ್ಲ. ಮನೆಯವರೆಲ್ಲ ಖುಷಿಪಟ್ಟರು. ನನಗೆ ಆ ಪರೀಕ್ಷೆಯ ಮೇಲೆ ಅಷ್ಟು ನಂಬಿಕೆಯಿಲ್ಲ. ಹನಿ ಕಂಡರೆ ತೇವ ಖಂಡಿತ. ಕಾಣದಿದ್ದರೆ ಏನೂ ಹೇಳಲಾಗದು, ತಳದ ತೇವ ಒಂದು ರಾತ್ರಿಗೆ ಮೇಲಕ್ಕೆ ಬರಬೇಕೆಂದಿಲ್ಲ.

ಹಾಗಾಗಿ ಡ್ರಿಲ್ ತೆಗೆದೆ. ಹೊಸ ನೆಲಕ್ಕೆ ತೂತು ಕೊರೆಯುವುದನ್ನು ನೋಡಿ ಮನೆಯೊಡತಿ ಮುಖ ಸಿಂಡರಿಸಿ ಒಳಗೆ ಹೋದರು. ಮೇಲ್ಮೈಯಿಂದ ಮಾತ್ರ ಒಣಗುವ ಕಾಂಕ್ರೀಟಿಗೆ ಅದರ ದಪ್ಪದ ನೂರಕ್ಕೆ 40ರಷ್ಟು ಆಳ ಕೊರೆಯಬೇಕು. ನಾಲ್ಕಿಂಚಿಗೆ ಅದು 40 ಮಿಲಿಮೀಟರ್. ಹಲಗೆ ಮುಚ್ಚಿದ ಮೇಲೆ ಒಳಗಿನ ತೇವ ಹರಡಿಕೊಂಡು ಮೇಲೂ ಕೆಳಗೂ ಸರಿಸಮ ಆಗುತ್ತದಲ್ಲ, ಆಗ ಮರಕ್ಕೆ ತಾಗುವ ಮಟ್ಟವನ್ನು ಈ ಆಳ ಈಗಲೇ ಹೇಳಿಬಿಡುತ್ತದೆ. ಮೂರು ತೂತು ಕೊರೆದೆ. ಒಂದು ಹೊರಗೋಡೆಯಿಂದ ಮೂರಡಿಯೊಳಗೆ. ಪುಡಿ ಊದಿ ತೆಗೆದು, ಕೊಳವೆ ಇಳಿಸಿ, ಮುಚ್ಚಳ ಹಾಕಿ 24 ಗಂಟೆ ಬಿಟ್ಟೆ.

ಮಾರನೇ ದಿನ ಕೊಳವೆಯೊಳಗಿನ ಗಾಳಿಯ ತೇವಾಂಶ (ಸಾಪೇಕ್ಷ ಆರ್ದ್ರತೆ) ಅಳೆದೆ. ಮರದ ನೆಲಕ್ಕೆ ಸಾಮಾನ್ಯವಾಗಿ ಒಪ್ಪುವ ಮಿತಿ 75 ಶೇಕಡಾ. ಇಲ್ಲಿ ಬಂದದ್ದು 84, 86. ಗದ್ದೆ ಕಡೆಯ ಗೋಡೆ ಹತ್ತಿರ 91.

"ಮಣ್ಣಿನ ತೇವ ಏರದಂಗೆ ಬೆಡ್ ಕಾಂಕ್ರೀಟ್ ಅಡಿಗೆ ಪಾಲಿಥೀನ್ ಹಾಳೆ ಹಾಸಿದ್ರಾ?" ಎಂದೆ. ಮೇಸ್ತ್ರಿ ಗದ್ದೆ ಕಡೆ ನೋಡಿದ.

"ಏನಾಗ್ತದಪ್ಪ ಈಗ್ಲೇ ಹಾಕುದ್ರೆ?" ಯಜಮಾನರು ಕೇಳಿದರು. ಹಲಗೆ ಅಡಿಯಿಂದ ತೇವ ಹೀರಿ ಉಬ್ಬುತ್ತದೆ, ಮೇಲ್ಭಾಗ ಉಬ್ಬುವುದಿಲ್ಲ, ಅಂಚುಗಳು ಏಳುತ್ತವೆ ಎಂದೆ. ಕುಣಿಯುವ ಕಾಲಿಗೆ ಎದ್ದ ಅಂಚು ತಾಗಿದರೆ ಗತಿಯೇನು? ತಂದೆಗಿಂತ ಮೊದಲು ಮಗಳಿಗೆ ಅರ್ಥವಾಯಿತು. "ಬ್ಯಾಡ ಬುಡಿ ಅಪ್ಪ, ಆಮೇಲೆ ಹಾಕ್ಸಣ."

ಗೃಹಪ್ರವೇಶ ಬರಿ ಕಾಂಕ್ರೀಟಿನ ಮೇಲೆ, ಜಮಖಾನ ಹಾಸಿ ನಡೆಯಿತು. ಬೇಸಗೆಯಲ್ಲಿ ನಾಲೆಗೆ ನೀರು ನಿಲ್ಲಿಸಿದ ಮೇಲೆ ಮತ್ತೆ ಅಳೆದರೆ ಆ ಗೋಡೆ ಹತ್ತಿರ 82. ಇನ್ನು ಕಾದು ಪ್ರಯೋಜನವಿಲ್ಲ, ಮಳೆಗಾಲ ಬಂದರೆ ಮತ್ತೆ ಏರುತ್ತದೆ. ನೆಲ ಉಜ್ಜಿಸಿ, ತೇವ ತಡೆಯುವ ಎಪಾಕ್ಸಿ ಎರಡು ಕೋಟ್ ಬಳಿಸಿ, ಆಮೇಲೆ ಹಲಗೆ ಕೂರಿಸಿದೆ. ಖರ್ಚು ಅವರು ಅಂದುಕೊಂಡದ್ದಕ್ಕಿಂತ ಬಹಳವಾಯಿತು.

ಈಗ ಪಕ್ಕದ ಸೈಟಿನಲ್ಲಿ ಅವರ ತಮ್ಮನ ಮನೆ ಏಳುತ್ತಿದೆ. ಬೆಡ್ ಕಾಂಕ್ರೀಟ್ ಹಾಕುವ ದಿನ ಯಜಮಾನರೇ ಖುದ್ದು ನಿಂತು 250 ಮೈಕ್ರಾನಿನ ಹಾಳೆ ಹಾಸಿಸಿ, ಜೋಡಣೆಯಲ್ಲಿ ಆರಿಂಚು ಒಂದರ ಮೇಲೊಂದು ಬರುವಂತೆ ಟೇಪು ಅಂಟಿಸಿದರಂತೆ. ಮೇಸ್ತ್ರಿ ಅವನೇ.